ಆಟಕ್ಕುಂಟು, ಲೆಕ್ಕಕ್ಕಿಲ್ಲ: ಮಕ್ಕಳ ಜಾನಪದದ ಕ್ಷೇತ್ರಕಾರ್ಯದಲ್ಲಿ ಸಂಶೋಧಕರ ಸ್ಥಾನ

ಕನ್ನಡದಲ್ಲಿ ಮಕ್ಕಳ ಜಾನಪದದ ಸಂಗ್ರಹಕ್ಕೆ ಕೊರತೆಯಿಲ್ಲ. ಕುಂಟೆಬಿಲ್ಲೆ, ಚಿನ್ನಿದಾಂಡು, ಲಗೋರಿ, ಅಳಗುಳಿಮಣೆ, ಚೌಕಾಬಾರದಂತಹ ಆಟಗಳೂ ಶಿಶುಪ್ರಾಸ, ಒಗಟು, ಎಣಿಕೆಯ ಪದಗಳೂ ಸಂಕಲನಗಳಲ್ಲಿ, ಮಹಾಪ್ರಬಂಧಗಳ ಅನುಬಂಧಗಳಲ್ಲಿ ಸಾಕಷ್ಟು ದಾಖಲಾಗಿವೆ. ಆದರೆ ನಾನು ಓದಿರುವ ಮಟ್ಟಿಗೆ, ಇವುಗಳಲ್ಲಿನ ವಕ್ತೃಗಳ ಪಟ್ಟಿಯನ್ನು ತೆರೆದಾಗ ಎದುರಾಗುವವರು ಹೆಚ್ಚಾಗಿ ನಲವತ್ತು, ಐವತ್ತು, ಎಪ್ಪತ್ತರ ಪ್ರಾಯದವರು. ಅವರು ತಮ್ಮ ಬಾಲ್ಯವನ್ನು ನೆನೆದು ಹೇಳಿದ್ದು ಮಕ್ಕಳ ಜಾನಪದವೆಂಬ ಹೆಸರಿನಲ್ಲಿ ಅಚ್ಚಾಗಿದೆ. ನೆನಪಿಗೂ ಬೆಲೆಯುಂಟು. ಆದರೆ ನೆನಪು ಆಟದ ಜಗಳವನ್ನು ಮರೆಯುತ್ತದೆ, ಮೋಸವನ್ನು ಮರೆಯುತ್ತದೆ, ಆಟಕ್ಕೆ ಸೇರಿಸಿಕೊಳ್ಳದೆ ಹೊರಗೆ ನಿಲ್ಲಿಸಿದವರನ್ನೂ ಮರೆಯುತ್ತದೆ; ಕೊನೆಗೆ ಉಳಿಯುವುದು ನಿಯಮಗಳ ಒಂದು ಚೊಕ್ಕಟವಾದ ಪಟ್ಟಿ. ಮಕ್ಕಳನ್ನೇ ನೇರವಾಗಿ ಕೇಳಿ ಸಂಗ್ರಹಿಸಿದ ಸಂದರ್ಭಗಳಲ್ಲಿಯೂ ಅವರನ್ನು ಶಾಲೆಯ ಕೊಠಡಿಯಲ್ಲಿ ಸಾಲಾಗಿ ಕೂರಿಸಿ ಪ್ರಶ್ನಾವಳಿ ತುಂಬಿಸುವ ಕ್ರಮವೇ ರೂಢಿಯಲ್ಲಿತ್ತು. ನಾನೂ ಅದನ್ನೇ ಮಾಡಿದವಳು.

ನಮ್ಮ ಹಳ್ಳಿಗಳಲ್ಲಿ ತೀರ ಚಿಕ್ಕ ಮಗುವೊಂದು ತಾನೂ ಆಡುವೆನೆಂದು ಹಟ ಹಿಡಿದರೆ ದೊಡ್ಡ ಮಕ್ಕಳು ಅದನ್ನು ಸೇರಿಸಿಕೊಳ್ಳುತ್ತಾರೆ. ಅದು ಓಡಬಹುದು, ಅಡಗಬಹುದು, ಕೂಗಬಹುದು, ಆದರೆ ಸಿಕ್ಕಿಬಿದ್ದರೂ ಅದನ್ನು ಔಟೆಂದು ಎಣಿಸುವುದಿಲ್ಲ. ಈ ಮಗುವಿನ ಸ್ಥಾನಕ್ಕೆ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತು ಸಲ್ಲುತ್ತದೆ. ನಮ್ಮ ಸಂಶೋಧನೆಗಳಲ್ಲಿ ಮಕ್ಕಳ ಸ್ಥಿತಿ ಇದಕ್ಕೆ ತಿರುವುಮುರುವಾಗಿದೆ: ಅವರು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಕೋಷ್ಟಕದಲ್ಲಿ ಅವರ ಸಂಖ್ಯೆ ಇದೆ, ವಯಸ್ಸು, ಲಿಂಗ, ತರಗತಿಗಳ ವಿಂಗಡಣೆ ಇದೆ. ಅವರು ಆಸಕ್ತಿಯಿಂದ ತೊಡಗಿಕೊಂಡ ಕುರುಹು ಮಾತ್ರ ಇಲ್ಲ. ಮಕ್ಕಳು ಮನಃಪೂರ್ವಕವಾಗಿ ಪಾಲ್ಗೊಳ್ಳುವಂತಹ ಕ್ಷೇತ್ರಕಾರ್ಯ ಹೇಗಿರಬೇಕು, ಅದಕ್ಕಾಗಿ ಸಂಶೋಧಕರು ಯಾವ ಸ್ಥಾನವನ್ನು ಒಪ್ಪಿಕೊಳ್ಳಬೇಕಾಗುತ್ತದೆ ಎಂಬುದನ್ನು ನನ್ನ ಅನುಭವ ಮತ್ತು ಇತರ ಕೆಲವರ ಕೆಲಸದ ಹಿನ್ನೆಲೆಯಲ್ಲಿ ಚರ್ಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2007ರಲ್ಲಿ, ಪಿಎಚ್.ಡಿ. ಅಧ್ಯಯನದ ನಿಮಿತ್ತ ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಹೋಗಿದ್ದೆ. ನಲವತ್ತೆರಡು ಪ್ರಶ್ನೆಗಳ ಮುದ್ರಿತ ಪ್ರಶ್ನಾವಳಿ ನನ್ನ ಚೀಲದಲ್ಲಿತ್ತು. ಮುಖ್ಯೋಪಾಧ್ಯಾಯರು ಸೌಜನ್ಯದಿಂದ ಐದು, ಆರನೆಯ ತರಗತಿಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿ, ಮಿಸ್ ಕೇಳುವುದಕ್ಕೆ ಸರಿಯಾಗಿ ಉತ್ತರ ಹೇಳಬೇಕೆಂದು ಆಜ್ಞಾಪಿಸಿ ಬಾಗಿಲ ಬಳಿಯೇ ನಿಂತರು. ನೀವು ಯಾವ ಯಾವ ಆಟಗಳನ್ನು ಆಡುತ್ತೀರಿ ಎಂಬ ಮೊದಲ ಪ್ರಶ್ನೆಗೆ ಮೂವತ್ತಕ್ಕೂ ಹೆಚ್ಚು ಮಕ್ಕಳು ಬರೆದ ಉತ್ತರ ಹೆಚ್ಚುಕಡಿಮೆ ಒಂದೇ ಆಗಿತ್ತು: ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್. ಸಂಜೆ ಗಂಟೆ ಹೊಡೆದ ಮೇಲೆ ಬಸ್ಸಿಗೆ ಕಾಯುತ್ತ ಅರಳಿಕಟ್ಟೆಯ ಮೇಲೆ ಕುಳಿತಿದ್ದಾಗ ಅದೇ ಮಕ್ಕಳು ಅರ್ಧ ಗಂಟೆಯಲ್ಲಿ ಐದು ಬಗೆಯ ಆಟಗಳನ್ನು ಆಡಿದರು. ಅವುಗಳಲ್ಲಿ ಒಂದೂ ನನ್ನ ಹಾಳೆಗಳಲ್ಲಿ ಇರಲಿಲ್ಲ. ಹತ್ತಿರವಿದ್ದ ಹುಡುಗಿಯನ್ನು ಕರೆದು, ಇವನ್ನೇಕೆ ಬರೆಯಲಿಲ್ಲವೆಂದು ಕೇಳಿದೆ. ‘ಅವೆಲ್ಲ ಆಟ ಅಲ್ಲ ಮಿಸ್, ಸುಮ್ನೆ ಆಡ್ಕೊಳ್ಳೋದು’ ಎಂದಳು.

ಈ ಉತ್ತರವನ್ನು ಅರ್ಥಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಶಾಲೆಯ ಆವರಣದೊಳಗೆ, ಅಧ್ಯಾಪಕರ ಎದುರಿನಲ್ಲಿ ‘ಆಟ’ವೆಂಬ ಪದಕ್ಕೆ ಆಟದ ಪೀರಿಯಡ್ಡಿನಲ್ಲಿ ಆಡಿಸುವಂಥದ್ದು ಎಂದೇ ಅರ್ಥ. ಮಕ್ಕಳು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪದಕ್ಕೆ ತಕ್ಕ ಉತ್ತರವನ್ನೇ ಕೊಟ್ಟಿದ್ದರು. ನಮ್ಮ ವರ್ಗೀಕರಣ ಬೇರೆ, ಅವರದು ಬೇರೆ ಎಂಬುದು ಪ್ರಶ್ನಾವಳಿಯಿಂದ ತಿಳಿಯುವಂತಹ ಸಂಗತಿಯಲ್ಲ, ಏಕೆಂದರೆ ಪ್ರಶ್ನಾವಳಿಯೆಂಬುದೇ ನಮ್ಮ ವರ್ಗೀಕರಣದ ಮುದ್ರಿತ ರೂಪ.

ಮಕ್ಕಳು ದೊಡ್ಡವರ ಪ್ರಶ್ನೆಯನ್ನು ಹೇಗೆ ಸ್ವೀಕರಿಸುತ್ತಾರೆ ಎಂಬ ಬಗ್ಗೆ ಮನೋವಿಜ್ಞಾನಿಗಳು ನಡೆಸಿದ ಒಂದು ಪ್ರಯೋಗ ಇಲ್ಲಿ ನೆನೆಯತಕ್ಕದ್ದು. ಮಾರ್ಟಿನ್ ಹ್ಯೂಸ್ ಮತ್ತು ರಾಬರ್ಟ್ ಗ್ರೀವ್ 1980ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹಾಲು ನೀರಿಗಿಂತ ದೊಡ್ಡದೇ, ಕೆಂಪು ಹಳದಿಗಿಂತ ಭಾರವೇ ಎಂಬಂತಹ ಅರ್ಥವಿಲ್ಲದ ಪ್ರಶ್ನೆಗಳನ್ನು ಐದು ಮತ್ತು ಏಳು ವರ್ಷದ ಮಕ್ಕಳಿಗೆ ಹಾಕಿದಾಗ, ಅವರಲ್ಲಿ ಬಹುತೇಕರು ಪ್ರಶ್ನೆಯೇ ಸರಿಯಿಲ್ಲವೆನ್ನದೆ ಉತ್ತರ ಕೊಟ್ಟರು. ದೊಡ್ಡವರು ಕೇಳಿದ ಮೇಲೆ ಉತ್ತರ ಇರಲೇಬೇಕೆಂಬ ಭಾವನೆಯಿಂದ ಮಗು ಪ್ರಶ್ನೆಗೊಂದು ಅರ್ಥವನ್ನು ತಾನೇ ಕಟ್ಟಿಕೊಡುತ್ತದೆ. ತುಂಬಿದ ಪ್ರಶ್ನಾವಳಿಗಳ ಕಟ್ಟನ್ನು ಕಂಡು ತೃಪ್ತಿಪಡುವ ಸಂಶೋಧಕರು ಇದನ್ನು ಗಮನದಲ್ಲಿಡಬೇಕು. ಉತ್ತರ ಬಂದಿದೆಯೆಂಬುದು ಪ್ರಶ್ನೆ ಸರಿಯಿತ್ತೆಂಬುದಕ್ಕೆ ಸಾಕ್ಷಿಯಲ್ಲ.

ಮಾರನೆಯ ವಾರದಿಂದ ಪ್ರಶ್ನಾವಳಿಯನ್ನು ಮನೆಯಲ್ಲಿಯೇ ಬಿಟ್ಟು, ಶಾಲೆ ಬಿಡುವ ಹೊತ್ತಿಗೆ ಅರಳಿಕಟ್ಟೆಗೆ ಹೋಗಿ ಕೂರತೊಡಗಿದೆ. ಮೊದಲ ಎರಡು ದಿನ ಮಕ್ಕಳು ದೂರದಲ್ಲೇ ಇದ್ದರು. ಮೂರನೆಯ ದಿನ ಐದು ಕಲ್ಲಿನ ಆಟ ಆಡುತ್ತಿದ್ದ ಹುಡುಗಿಯರ ಗುಂಪಿನಲ್ಲಿ ಒಬ್ಬಳು ಕಡಿಮೆಯಾದಾಗ ನನ್ನನ್ನು ಕರೆದರು. ನಾನು ಪಟ್ಟಣದಲ್ಲಿ ಬೆಳೆದವಳು, ಆ ಆಟ ನನಗೆ ಬರುತ್ತಿರಲಿಲ್ಲ. ಒಂದು ಕಲ್ಲನ್ನು ಮೇಲಕ್ಕೆಸೆದು, ಅದು ಬೀಳುವುದರೊಳಗೆ ನೆಲದ ಮೇಲಿನ ಕಲ್ಲನ್ನು ಎತ್ತಿಕೊಂಡು, ಬೀಳುವ ಕಲ್ಲನ್ನೂ ಹಿಡಿಯಬೇಕು. ಪಕ್ಕದ ಕಲ್ಲು ಅಲುಗಬಾರದು. ನಾನು ಪ್ರತಿಸಲವೂ ಸೋತೆ. ಹುಡುಗಿಯರು ಮನಸಾರೆ ನಕ್ಕರು, ಆಮೇಲೆ ಕಲಿಸತೊಡಗಿದರು. ಆ ಸಂಜೆ ‘ಮಿಸ್’ ಎಂಬ ಸಂಬೋಧನೆ ಹೋಗಿ ‘ಅಕ್ಕ’ ಎಂಬುದು ಬಂದಿತು. ಇದನ್ನು ನಾನು ಆಪ್ತತೆಯ ಕುರುಹೆಂದಷ್ಟೇ ಹೇಳುತ್ತಿಲ್ಲ. ‘ಮಿಸ್’ಗೆ ಹೇಳುವುದು ಉತ್ತರ, ‘ಅಕ್ಕ’ನಿಗೆ ಹೇಳುವುದು ವಿಷಯ.

ಸೋಲಿನಿಂದ ದೊರೆತ ಲಾಭ ಮತ್ತೊಂದಿತ್ತು. ಈ ಆಟದ ಬಗ್ಗೆ ನಾನು ಓದಿದ್ದ ಮುದ್ರಿತ ವಿವರಣೆಗಳಲ್ಲಿ ಐದಾರು ನಿಯಮಗಳಿದ್ದವು. ನಾನು ತಪ್ಪುತ್ತ ಹೋದಂತೆ ಒಂದು ವಾರದಲ್ಲಿ ಇಪ್ಪತ್ತಕ್ಕೂ ಮಿಗಿಲಾದ ನಿಯಮಗಳು ಹೊರಬಂದವು. ಕಟ್ಟೆಯ ಬಿರುಕಿಗೆ ಸಿಕ್ಕಿದ ಕಲ್ಲನ್ನು ಎದುರಾಳಿಯ ಅಪ್ಪಣೆ ಪಡೆದು ಸರಿಸಬಹುದು. ಕೋಳಿ ಬಂದು ಕದಲಿಸಿದರೆ ಆಟ ಮತ್ತೆ ಮೊದಲಿನಿಂದ. ಬಳೆಗೆ ತಾಗಿದ ಕಲ್ಲು ಕೈಗೆ ತಾಗಿದಂತೆಯೇ, ಆದರೆ ಲಂಗಕ್ಕೆ ತಾಗಿದರೆ ಕ್ಷಮೆಯುಂಟು. ಇವನ್ನು ಯಾರೂ ಮೊದಲೇ ಹೇಳಲಾರರು. ನಿಯಮ ಮುರಿದಾಗ ಮಾತ್ರ ನಿಯಮ ನೆನಪಾಗುತ್ತದೆ. ಅಳಗುಳಿಮಣೆಯ ವಿಷಯವೂ ಹೀಗೆಯೇ: ಏಳೇಳು ಗುಳಿಗಳ ಎರಡು ಸಾಲಿನ ಮಣೆಯ ಮುಂದೆ ಕುಳಿತ ಮಗು ಕಣ್ಣೆವೆ ಇಕ್ಕುವುದರಲ್ಲಿ ಹುಣಸೆಬೀಜ ಹಂಚುತ್ತ ಹೋಗುತ್ತದೆ, ಮಣೆಯನ್ನು ಮುಚ್ಚಿಟ್ಟು ವಿವರಿಸೆಂದರೆ ಎರಡು ವಾಕ್ಯಕ್ಕೆ ಮಾತು ನಿಲ್ಲುತ್ತದೆ. ಅರಿವು ಕೈಯಲ್ಲಿದೆ, ಬಾಯಿಯಲ್ಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಕೊರ್ಸಾರೊ ಅವರ ಬರಹಗಳನ್ನು ಓದಿದಾಗ ಇದೇ ಅನುಭವದ ಮತ್ತೊಂದು ರೂಪ ಕಂಡಿತು. ಇಟಲಿಯ ಶಿಶುವಿಹಾರದಲ್ಲಿ ಅಧ್ಯಯನ ನಡೆಸುವಾಗ ಅವರ ಇಟಾಲಿಯನ್ ಭಾಷೆ ಅರೆಬರೆಯಾಗಿತ್ತು. ಅಲ್ಲಿನ ಮಕ್ಕಳು ಅವರ ಮಾತಿನ ತಪ್ಪುಗಳನ್ನು ಹಿಡಿದು ನಗುತ್ತ, ತಿದ್ದುತ್ತ, ತಾವೇ ಗುರುಗಳಾದರು. ದೊಡ್ಡ ಮೈಕಟ್ಟಿನ ವಯಸ್ಕನೊಬ್ಬ ಮಕ್ಕಳ ವಲಯಕ್ಕೆ ಪ್ರವೇಶ ಪಡೆದದ್ದು ಜ್ಞಾನದಿಂದಲ್ಲ, ಕೊರತೆಯಿಂದ. ತಾವಾಗಿ ಮಕ್ಕಳ ಬಳಿ ಹೋಗಿ ಮಾತಿಗೆಳೆಯದೆ, ಅವರ ಆಟದ ಜಾಗದಲ್ಲಿ ಕುಳಿತು ಅವರೇ ಮಾತನಾಡಿಸುವವರೆಗೆ ಕಾಯುವುದು ಕೊರ್ಸಾರೊ ಅವರ ಕ್ರಮ.

ಆದರೆ ಕೊರತೆ ನಿಜವಾಗಿರಬೇಕು. ಚೌಕಾಬಾರ ನನಗೆ ಚೆನ್ನಾಗಿ ಬರುವ ಆಟ. ನಿಯಮಗಳನ್ನು ಹೊರಡಿಸುವ ಆಸೆಯಿಂದ ಅದರಲ್ಲಿಯೂ ಬೇಕೆಂದೇ ತಪ್ಪಿದೆ. ಹಣ್ಣಾಗಬಹುದಾದ ಕಾಯಿಯನ್ನು ನಡೆಸದೆ ಬಿಟ್ಟೆ. ಎರಡನೆಯ ಸಲಕ್ಕೇ ಒಬ್ಬಳು ಗೆಳತಿಯತ್ತ ತಿರುಗಿ, ‘ಬೇಕೂಂತ್ಲೇ ಬಿಡ್ತಾವ್ರೆ ಕಣೇ, ಇವ್ರ ಜೊತೆ ಆಡೋದು ಬ್ಯಾಡ’ ಎಂದು ಕವಡೆಗಳನ್ನು ಬಾಚಿಕೊಂಡು ಎದ್ದಳು. ಮಕ್ಕಳನ್ನು ಗೆಲ್ಲಿಸುವ ದೊಡ್ಡವರ ಔದಾರ್ಯ ಅವರಿಗೆ ಅವಮಾನವಾಗಿ ಕಾಣುತ್ತದೆ.

ಐದಾರು ವರ್ಷದ ಕೂಸುಗಳ ಮಟ್ಟಿಗೆ ಬೇರೆ ಉಪಾಯ ಬೇಕು. ಇಲ್ಲಿಯೂ ಪ್ರಯೋಗಶಾಲೆಯೊಂದರ ಪಾಠ ನೆರವಾಯಿತು. ಸಮಸಂಖ್ಯೆಯ ವಸ್ತುಗಳ ಎರಡು ಸಾಲುಗಳಲ್ಲಿ ಒಂದನ್ನು ಹಿಗ್ಗಿಸಿ ಜೋಡಿಸಿದಾಗ ಚಿಕ್ಕ ಮಕ್ಕಳು ಎರಡೂ ಸಮವಲ್ಲವೆನ್ನುತ್ತಾರೆ ಎಂಬುದು ಪಿಯಾಜೆ ಅವರ ಪ್ರಸಿದ್ಧ ನಿರ್ಣಯ. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪ್ರಯೋಗದಲ್ಲಿ ಒಂದು ಬದಲಾವಣೆ ಮಾಡಿದರು: ಸಾಲನ್ನು ಕೆಡಿಸಿದ್ದು ಪ್ರಯೋಗಕರ್ತರಲ್ಲ, ಪೆಟ್ಟಿಗೆಯಿಂದ ಜಿಗಿದುಬಂದ ತುಂಟ ಕರಡಿಗೊಂಬೆ. ಆಗ ಎರಡೂ ಸಮವೆಂದು ಸರಿಯಾಗಿ ಹೇಳಿದ ಮಕ್ಕಳ ಸಂಖ್ಯೆ ಬಹಳವಾಗಿ ಏರಿತು. ದೊಡ್ಡವರು ಗಂಭೀರವಾಗಿ ಏನನ್ನೋ ಬದಲಾಯಿಸಿ ಮತ್ತೆ ಅದೇ ಪ್ರಶ್ನೆ ಕೇಳಿದರೆ ಉತ್ತರವೂ ಬದಲಾಗಬೇಕೆಂದು ಮಗು ತಿಳಿಯುತ್ತದೆ. ಗೊಂಬೆಯ ಚೇಷ್ಟೆಯಲ್ಲಿ ಅಂತಹ ಒತ್ತಾಯವಿಲ್ಲ. ನಾನು ಹಳೆಯ ಸೀರೆಯ ತುಂಡಿನಿಂದ ಹೊಲಿದ ಬಟ್ಟೆಗೊಂಬೆಯೊಂದನ್ನು ಅಂಗನವಾಡಿಗೆ ಒಯ್ದು, ಇದಕ್ಕೆ ಯಾವ ಆಟವೂ ಬಾರದು, ಹೇಳಿಕೊಟ್ಟರೂ ಮರೆಯುತ್ತದೆ ಎಂದು ಪರಿಚಯಿಸಿದೆ. ನನ್ನೆದುರು ತುಟಿ ಬಿಚ್ಚದ ಮಗುವೊಂದು ಆ ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣಾಮುಚ್ಚಾಲೆಯ ಕ್ರಮವನ್ನು ಆದಿಯಿಂದ ಅಂತ್ಯದವರೆಗೆ, ಗದರಿಕೆ ಸಮೇತ, ಮೂರು ಸಲ ಹೇಳಿಕೊಟ್ಟಿತು. ಮೂರು ಸಲವೂ ಪಾಠ ತುಸು ತುಸು ಬೇರೆಯಾಗಿತ್ತು. ಪಾಠಾಂತರಗಳನ್ನು ಹಳ್ಳಿಯಿಂದ ಹಳ್ಳಿಗೆ ಅಲೆದು ಹುಡುಕುವ ನಮಗೆ ಅವು ಒಂದೇ ಮಗುವಿನ ಬಾಯಲ್ಲಿ ಒಂದೇ ಬೆಳಗ್ಗೆ ದೊರೆಯುತ್ತವೆಂಬುದು ಹೊಳೆದಿರುವುದಿಲ್ಲ.

ಮಕ್ಕಳ ಜಾನಪದದ ಅಧ್ಯಯನದಲ್ಲಿ ಇಂಗ್ಲೆಂಡಿನ ಅಯೋನಾ ಮತ್ತು ಪೀಟರ್ ಓಪಿ ದಂಪತಿಗಳ ಹೆಸರು ದೊಡ್ಡದು. ಶಾಲಾಮಕ್ಕಳ ಲೋಕಜ್ಞಾನ ಮತ್ತು ಭಾಷೆಯನ್ನು ಕುರಿತು 1959ರಲ್ಲಿ ಪ್ರಕಟವಾದ ಅವರ ಗ್ರಂಥ ಸುಮಾರು 70 ಶಾಲೆಗಳ 5000ದಷ್ಟು ಮಕ್ಕಳಿಂದ ಪಡೆದ ಸಾಮಗ್ರಿಯನ್ನು ಆಧರಿಸಿದೆ. ನನ್ನ ಗಮನ ಸೆಳೆಯುವುದು ಅದಕ್ಕಿಂತ ಹೆಚ್ಚಾಗಿ ಅಯೋನಾ ಅವರ ಅನಂತರದ ಕೆಲಸ. 1970ರಿಂದ 1983ರವರೆಗೆ ಅವರು ಹ್ಯಾಂಪ್‌ಶೈರಿನ ಲಿಸ್ ಎಂಬ ಊರಿನ ಶಾಲೆಯ ಮೈದಾನಕ್ಕೆ ವಾರಕ್ಕೊಮ್ಮೆ ತಪ್ಪದೆ ಹೋಗಿ ನಿಂತರು. ಈ ಭೇಟಿಗಳಿಂದ ಹುಟ್ಟಿದ ದಿನಚರಿ ರೂಪದ ಗ್ರಂಥ 1993ರಲ್ಲಿ ಹೊರಬಂದಿತು. ಅಷ್ಟು ವರ್ಷ ಒಂದೇ ಮೈದಾನ! ಒಂದು ಜಿಲ್ಲೆಯನ್ನು ಹದಿನೈದು ದಿನಗಳಲ್ಲಿ ಮುಗಿಸುವ ನಮ್ಮ ಯೋಜನೆಗಳ ಕಾಲಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಓಪಿ ದಂಪತಿಗಳು ತಮ್ಮ ಮೊದಲ ಗ್ರಂಥದಲ್ಲಿಯೇ ಮಕ್ಕಳ ಬಿಡುವಿನ ಪದಗಳನ್ನು, ಎಂದರೆ ಆಟದ ನಡುವೆ ತಾತ್ಕಾಲಿಕ ವಿರಾಮ ಬೇಡುವ ಮಾತುಗಳನ್ನು, ಪ್ರದೇಶವಾರು ಗುರುತಿಸಿದ್ದಾರೆ. ನಮ್ಮ ಮಕ್ಕಳಲ್ಲಿ ‘ಟೈಮ್ ಪ್ಲೀಸ್’ ಎಂಬುದು ಅಂತಹ ಮಾತು. ಅದನ್ನು ಉಚ್ಚರಿಸಿದವರನ್ನು ಮುಟ್ಟುವಂತಿಲ್ಲ, ಹಿಡಿಯುವಂತಿಲ್ಲ, ಏಕೆಂದು ಕೇಳುವಂತೆಯೂ ಇಲ್ಲ. ನಾನು ಇದನ್ನು ಸಂಗ್ರಹದ ಒಂದು ನಮೂದಾಗಿ ಬರೆದುಕೊಂಡಿದ್ದೆ. ಬಹಳ ದಿನಗಳ ಮೇಲೆ ಇದೇ ನನ್ನ ಕ್ಷೇತ್ರಕಾರ್ಯದ ಮುಖ್ಯ ನಿಯಮವಾಯಿತು. ನನ್ನ ಮಾತು, ಧ್ವನಿಮುದ್ರಣ, ಬರೆಯುವಿಕೆ ಯಾವುದು ಬೇಸರವಾದರೂ ‘ಟೈಮ್ ಪ್ಲೀಸ್’ ಎನ್ನಬಹುದೆಂದೂ ಅಲ್ಲಿಗೆ ನಾನು ನಿಲ್ಲಿಸುವೆನೆಂದೂ ಮಕ್ಕಳಿಗೆ ಮೊದಲೇ ಹೇಳುತ್ತೇನೆ. ಮೊದಲ ದಿನ ನನ್ನನ್ನು ಪರೀಕ್ಷಿಸಲು ಹತ್ತಾರು ಸಲ ಹೇಳಿದರು, ನಾನು ಹತ್ತಾರು ಸಲವೂ ನಿಲ್ಲಿಸಿದೆ. ಆಮೇಲೆ ಅಪರೂಪಕ್ಕೆ ಹೇಳಿದರು.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ (ಭಾರತ ಇದನ್ನು ಒಪ್ಪಿದ್ದು 1992ರಲ್ಲಿ) ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ನೀಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಪೋಷಕರ ಒಪ್ಪಿಗೆಯ ಜೊತೆಗೆ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಪಡೆಯಬೇಕೆನ್ನುತ್ತದೆ. ಅದು ವೈದ್ಯಕೀಯ ಮತ್ತು ಆರೋಗ್ಯ ಸಂಶೋಧನೆಗೆ ಸಂಬಂಧಿಸಿದ್ದೆಂದು ಜಾನಪದದವರು ಕೈತೊಳೆದುಕೊಳ್ಳಬೇಕಾಗಿಲ್ಲ. ಸಮ್ಮತಿ ಒಮ್ಮೆ ಕೇಳಿ ಮುಗಿಸುವ ಪ್ರಶ್ನೆಯಲ್ಲ, ಪ್ರತಿ ಸಂಜೆಯೂ ಕೇಳಬೇಕಾದದ್ದು. ಅದಕ್ಕೆ ಬೇಕಾದ ಮಾತು ಮಕ್ಕಳ ಬಳಿಯೇ ಸಿದ್ಧವಾಗಿದೆ.

ವಿಶ್ವಾಸವನ್ನು ಕಳೆದುಕೊಂಡದ್ದೂ ಉಂಟು. ಹುಡುಗರು ಗೋಲಿಯಾಟದಲ್ಲಿ ಕಾಸು ಕಟ್ಟುತ್ತಿದ್ದುದನ್ನು ಅಧ್ಯಾಪಕರೊಬ್ಬರ ಬಳಿ ಮಾತಿನ ಭರದಲ್ಲಿ ಹೇಳಿಬಿಟ್ಟೆ. ಮಾರನೆಯ ದಿನ ಅವರಿಗೆ ಶಿಕ್ಷೆಯಾಯಿತು, ನನಗೆ ಇಡೀ ಗುಂಪು ಟೂ ಬಿಟ್ಟಿತು. ಮೂರು ವಾರ ಯಾರೂ ಮಾತನಾಡಲಿಲ್ಲ. ಆ ಅಧ್ಯಾಯದಲ್ಲಿ ಗೋಲಿಯಾಟದ ಭಾಗ ಸೊರಗಿರುವುದಕ್ಕೆ ಕಾರಣ ಇದು.

ಇನ್ನು ಆಮಿಷದ ವಿಷಯ. ಮಕ್ಕಳನ್ನು ಸೆಳೆಯಲು ಚಾಕೊಲೇಟ್ ಒಯ್ಯುವುದು ನಮ್ಮಲ್ಲಿ ಸಾಮಾನ್ಯ, ಅದರಲ್ಲಿ ಕೆಡುಕನ್ನು ಯಾರೂ ಕಾಣುವುದಿಲ್ಲ. ನಾನೂ ಆರಂಭದ ತಿಂಗಳುಗಳಲ್ಲಿ ಹೊಸ ಆಟ ಹೇಳಿದವರಿಗೆ ಒಂದರಂತೆ ಕೊಡುತ್ತಿದ್ದೆ. ಪಟ್ಟಿ ಬೆಳೆಯಿತು. ಹತ್ತು ವರ್ಷದ ಹುಡುಗನೊಬ್ಬ ಮೂರು ವೃತ್ತಗಳ ಒಂದು ಆಟವನ್ನು ವಿವರಿಸಿದ: ನಡುವಿನ ವೃತ್ತಕ್ಕೆ ‘ಕಟ್ಟೆ’ ಎಂದು ಹೆಸರು, ಅಲ್ಲಿ ನಿಂತವನು ಈ ಬದಿಯಿಂದ ಆ ಬದಿಗೆ ದಾಟುವವರಿಂದ ಒಂದೊಂದು ಹರಳು ವಸೂಲು ಮಾಡಬೇಕು. ನನಗೆ ರೋಮಾಂಚನವಾಯಿತು. ಶಾಸನಗಳಲ್ಲಿ ಬರುವ ಸುಂಕಗಳು, ಇಂದಿಗೂ ಊರ ಹೆಸರುಗಳಲ್ಲಿ ಉಳಿದಿರುವ ಸುಂಕದಕಟ್ಟೆ ಎಲ್ಲವೂ ನೆನಪಾಗಿ, ಮಧ್ಯಕಾಲೀನ ವ್ಯಾಪಾರವ್ಯವಸ್ಥೆಯ ಅವಶೇಷವೊಂದು ಮಕ್ಕಳ ಆಟದಲ್ಲಿ ಉಳಿದುಬಂದಿದೆಯೆಂದು ಎರಡೂವರೆ ಪುಟ ಬರೆದೆ. ಮೌಲ್ಯಮಾಪನದಲ್ಲಿ ಆ ಭಾಗಕ್ಕೆ ಮೆಚ್ಚುಗೆ ದೊರೆಯಿತು. ಅನಂತರ ಕನಿಷ್ಠ ಎರಡು ಪ್ರಬಂಧಗಳಲ್ಲಿ ಅದು ಆಧಾರವಾಗಿ ಉಲ್ಲೇಖಗೊಂಡದ್ದನ್ನೂ ನೋಡಿದ್ದೇನೆ.

2019ರಲ್ಲಿ ಅದೇ ಊರಿನ ಜಾತ್ರೆಗೆ ಹೋದಾಗ ಆ ಹುಡುಗ, ಈಗ ಬೆಳೆದ ಯುವಕ, ಗುರುತು ಹಿಡಿದು ಮಾತನಾಡಿಸಿದ. ಆ ಆಟವನ್ನು ಇಲ್ಲಿ ಇನ್ನೂ ಯಾರಾದರೂ ಆಡುತ್ತಾರೆಯೇ ಎಂದು ಕೇಳಿದೆ. ನಕ್ಕುಬಿಟ್ಟ. ‘ಅಕ್ಕ, ಅದು ನಾನು ಅವತ್ತೇ ಕಟ್ಟಿ ಹೇಳಿದ್ದು. ನಿಮ್ಮ ಹತ್ರ ಇನ್ನೂ ಚಾಕ್ಲೇಟ್ ಇದ್ವಲ್ಲ.’ ಕಟ್ಟೆ ಎಲ್ಲಿಂದ ಬಂದಿತೆಂದು ಕೇಳಿದ್ದಕ್ಕೆ ಜಾತ್ರೆಯ ಸೈಕಲ್ ಸ್ಟ್ಯಾಂಡನ್ನು ತೋರಿಸಿದ. ಅಲ್ಲಿ ಅರಳಿಕಟ್ಟೆಯ ಮೇಲೆ ಕುಳಿತವನೊಬ್ಬ ಬಂದವರಿಂದ ದುಡ್ಡು ಪಡೆದು ಚೀಟಿ ಹರಿದು ಕೊಡುತ್ತಿದ್ದ.

ಮಗು ಕಟ್ಟಿದ್ದು ಸುಳ್ಳಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕಂಡದ್ದನ್ನು ಆಟವಾಗಿಸುವುದು ಮಕ್ಕಳ ಜಾನಪದದ ಜೀವಾಳ. ಆ ಹುಡುಗನ ಸೃಷ್ಟಿ ಬಹು ಚೆಲುವಾದದ್ದು. ತಪ್ಪಿರುವುದು ನನ್ನ ದಾಖಲೆಯಲ್ಲಿ. ಯಾರು, ಯಾವಾಗ, ಯಾವ ಆಮಿಷದ ಎದುರು ಹೇಳಿದರು, ಬೇರೆಯವರು ಆಡಿದ್ದನ್ನು ನಾನು ಕಂಡೆನೆ ಎಂಬ ಒಂದು ವಿವರವೂ ಅಲ್ಲಿಲ್ಲ. ಚಾಕೊಲೇಟ್ ಮಗುವನ್ನು ಆಟಕ್ಕೆ ಕರೆಯುವುದಿಲ್ಲ, ಉತ್ತರಕ್ಕೆ ಕರೆಯುತ್ತದೆ. ಆ ಮಟ್ಟಿಗೆ ಅದು ಪ್ರಶ್ನಾವಳಿಯ ಸಿಹಿಯಾದ ರೂಪ. ಧ್ವನಿಮುದ್ರಣ ಯಂತ್ರದಲ್ಲಿಯೂ ಇಂತಹ ತೊಡಕಿದೆ. ತಮ್ಮ ದನಿಯನ್ನು ತಾವೇ ಕೇಳಿ ಹಿಗ್ಗಿದ ಮಕ್ಕಳು ಮರುದಿನದಿಂದ ಯಂತ್ರಕ್ಕಾಗಿಯೇ ಹಾಡತೊಡಗುತ್ತಾರೆ, ರೇಡಿಯೋದವರಂತೆ ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಇದಕ್ಕೆ ನನಗೆ ಕಂಡ ಪರಿಹಾರ ಯಂತ್ರವನ್ನು ಅವರ ಕೈಗೇ ಕೊಟ್ಟುಬಿಡುವುದು. ಹತ್ತು ದಿನಗಳಲ್ಲಿ ಅದರ ಹೊಸತನ ಇಳಿಯುತ್ತದೆ. ಒಬ್ಬ ಹುಡುಗಿ ಅದನ್ನು ಮನೆಗೆ ಒಯ್ದು ತನ್ನ ಅಜ್ಜಿಯಿಂದ ಕೇಳಿ ತಂದ ಒಗಟುಗಳು, ನಾನು ಅದೇ ಅಜ್ಜಿಯಿಂದ ಪಡೆದವುಗಳಿಗಿಂತ ಮೂರು ಪಟ್ಟು ಹೆಚ್ಚಾಗಿದ್ದವು; ಅವುಗಳಲ್ಲಿ ಕೆಲವನ್ನು ಅಜ್ಜಿ ನನಗೆ ನಾಚಿಕೆಯಿಂದ ಹೇಳಿರಲಿಲ್ಲ.

ಕೊನೆಯದಾಗಿ ಆಟದ ಅಂಚಿನಲ್ಲಿ ನಿಂತವರ ವಿಷಯ. ಅರಳಿಕಟ್ಟೆಯ ಬಳಿ ದಿನವೂ ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿರುತ್ತಿದ್ದಳು. ತಾಯಿ ಕೂಲಿಯಿಂದ ಬರುವವರೆಗೆ ಮಗು ಅವಳದೇ ಹೊಣೆ. ಆಡುವವರ ಪಟ್ಟಿಯಲ್ಲಿ ಅವಳಿರಲಿಲ್ಲ, ಆದ್ದರಿಂದ ನನ್ನ ವಕ್ತೃಗಳ ಪಟ್ಟಿಯಲ್ಲಿಯೂ ಇರಲಿಲ್ಲ. ಜಗಳವಾದಾಗ ಮಾತ್ರ ಎಲ್ಲರೂ ಅವಳತ್ತ ತಿರುಗುತ್ತಿದ್ದರು, ಅವಳು ಹೇಳಿದ್ದೇ ತೀರ್ಪು. ಇದನ್ನು ಗಮನಿಸಲು ನನಗೆ ಎರಡು ತಿಂಗಳು ಬೇಕಾಯಿತು. ಒಂದು ಸಂಜೆ ಪುಸ್ತಕ, ಯಂತ್ರಗಳನ್ನು ಚೀಲಕ್ಕೆ ಹಾಕಿ ಆ ಮಗುವನ್ನು ನಾನೇ ಎತ್ತಿಕೊಂಡೆ. ಅವಳು ಕುಂಟೆಬಿಲ್ಲೆಯ ಮನೆಗಳನ್ನು ಒಂದೂ ಗೆರೆ ತುಳಿಯದೆ ದಾಟಿ, ಹಿಂದಿರುಗಿ ಬಂದು, ಉಸಿರು ತಿರುಗುವುದರೊಳಗೆ ಆ ಊರಿನ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಆಟದಲ್ಲಿರುವ ವ್ಯತ್ಯಾಸಗಳನ್ನು ಹೇಳತೊಡಗಿದಳು. ಆಟ ತಪ್ಪಿದ್ದರಿಂದಲೇ ಅವಳು ಎಲ್ಲರ ಆಟವನ್ನೂ ನೋಡಿದ್ದಳು. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯದ ಬಹುಭಾಗ ಅವಳು ಹೇಳಿದ್ದು, ಮಗುವನ್ನು ಎತ್ತಿಕೊಂಡು ನಾನು ಕೇಳಿದ್ದು.

ಈಗ ನನ್ನ ಕ್ಷೇತ್ರಟಿಪ್ಪಣಿಯ ಚೀಟಿಗಳಲ್ಲಿ ಆಟದ ಹೆಸರು, ಊರು, ದಿನಾಂಕಗಳ ಕೆಳಗೆ ಇನ್ನು ನಾಲ್ಕು ನಮೂದುಗಳಿರುತ್ತವೆ: ಆಡಿದ್ದನ್ನು ಕಂಡದ್ದೋ ಹೇಳಿದ್ದನ್ನು ಕೇಳಿದ್ದೋ, ಆಗ ಯಾವ ದೊಡ್ಡವರು ಹತ್ತಿರವಿದ್ದರು, ಏನನ್ನಾದರೂ ಕೊಡಲಾಯಿತೆ, ಯಾರು ಆಡದೆ ನಿಂತಿದ್ದರು. ಮಕ್ಕಳ ಸಾಮಗ್ರಿಯನ್ನು ಸಂಗ್ರಹಿಸಿಡುವ ಗ್ರಂಥಾಲಯಗಳು ಸೂಚೀಕರಣದಲ್ಲಿ ಈ ವಿವರಗಳನ್ನು ಕೇಳುವುದು ಅನಂತರದ ಬಳಕೆದಾರರಿಗೆ ಉಪಕಾರವಾದೀತು. ಮಕ್ಕಳ ಹೆಸರುಗಳನ್ನು ಮಾತ್ರ ಚೀಟಿಯಲ್ಲಿ ಬರೆಯುವುದಿಲ್ಲ, ಅದರ ಬದಲು ಅವರೇ ಆರಿಸಿಕೊಂಡ ಅಡ್ಡಹೆಸರು ಇರುತ್ತದೆ.

ಮೂರು ವೃತ್ತಗಳ ಆಟವನ್ನು ಕುರಿತ ತಿದ್ದುಪಡಿಯ ಚೀಟಿಯೊಂದನ್ನು ನನ್ನ ಮಹಾಪ್ರಬಂಧದ ವಿಶ್ವವಿದ್ಯಾಲಯದ ಪ್ರತಿಗೆ ಅಂಟಿಸಲಾಗಿದೆ. ಅದರಲ್ಲಿ ಆಟದ ಕರ್ತೃ ಹತ್ತು ವರ್ಷದ ಬಾಲಕನೆಂದೂ ರಚನೆಯ ಕಾಲ 2007ರ ಒಂದು ಸಂಜೆಯೆಂದೂ ಬರೆದಿದ್ದೇನೆ. ಬೇರೆ ಗ್ರಂಥಾಲಯಗಳಲ್ಲಿರುವ ಪ್ರತಿಗಳನ್ನು ಬಳಸುವವರು ಸುಂಕದ ಕುರಿತಾದ ಆ ಎರಡೂವರೆ ಪುಟಗಳನ್ನು ಕೈಬಿಟ್ಟು ಓದಬೇಕಾಗಿ ಕೋರುತ್ತೇನೆ.